ಒಟ್ಮಾರ್ ದೊರೆಯ ಎಡಪಾದ

ಕ್ರೋಯ್ಡನ್, ಲಂಡನ್
9 ಜನವರಿ 2025

ಪ್ರೀತಿಯ ಅಕ್ಕ,

ಕ್ರಿಸ್ಮಸ್‌ಗೆ ನೀನು ಕಳುಹಿಸಿದ ಕಾರ್ಡ್ ತಲುಪಿತು. ರೋಬರ್ಟ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ, ತಲೆಕೆಳಗಾಗಿ. ನಾನು ಸರಿಪಡಿಸಿಲ್ಲ. ನಿಮ್ಮ ಮಠದಲ್ಲಿ ಫೋನ್ ಸಾವಿನ ಸುದ್ದಿಗೆ ಮಾತ್ರ ಎಂಬುದು ನೆನಪಿದೆ. ಆದ್ದರಿಂದ ಎರಡು ವಿಷಯಗಳನ್ನು ಕಾಗದದಲ್ಲೇ ತಿಳಿಸುತ್ತೇನೆ.

ಮೊದಲನೆಯದು ಕೆಲಸದ ಮಾತು. ಹಳೆಯ ಕಟ್ಟಡ, ಶಿಲ್ಪಗಳನ್ನು ಲೇಸರ್‌ನಿಂದ ಅಳೆದು ದಾಖಲಿಸುವುದು ನಮ್ಮ ಕಂಪನಿಯ ಕಸುಬು ಎಂಬುದು ನಿನಗೆ ಗೊತ್ತು. ಈಗ ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಕೆಲಸ ನಡೆದಿದೆ. ಅಲ್ಲಿ ಜರ್ಮನಿಯ ದೊರೆಯೊಬ್ಬನ ಸಮಾಧಿಯ ಮೇಲಿನ ಆಳೆತ್ತರದ ಶಿಲ್ಪದ ಪ್ಲಾಸ್ಟರ್ ಪ್ರತಿ ಇದೆ. ನೂರೈವತ್ತು ವರ್ಷಗಳ ಹಿಂದೆ ಮೂಲ ಶಿಲ್ಪದ ಮೇಲೇ ಅಚ್ಚು ತೆಗೆದು ಮಾಡಿದ್ದು. ಚೀಟಿಯಲ್ಲಿ ‘ಒಟ್ಮಾರ್, ರೀಡೆನ್‌ಫೆಲ್ಸ್‌ನ ದೊರೆ, ಮರಣ 1497, ಸನ್ಯಾಸಿನಿಯರ ಇಗರ್ಜಿ’ ಎಂದಿದೆ. ನೀನು ಮೂವತ್ತು ವರ್ಷಗಳಿಂದ ಹಾಡುತ್ತಿರುವ ಇಗರ್ಜಿ ಅದೇ ಅಲ್ಲವೆ? ಆ ಪ್ರತಿಯನ್ನು ಮೂರು ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಪಾದಗಳಿರುವ ಮೂರನೆಯ ಪೆಟ್ಟಿಗೆಯ ಹಲಗೆಗೆ ಹುಳ ಹಿಡಿದಿದೆ. ಮಾರ್ಚ್ ತನಕ ತೆರೆಯಲು ಅನುಮತಿ ಇಲ್ಲ. ಈ ದೊರೆಯ ಬಗ್ಗೆ ನಿನಗೆ ತಿಳಿದದ್ದನ್ನು ಬರೆದರೆ ವರದಿಗೆ ಅನುಕೂಲವಾಗುತ್ತದೆ.

ಎರಡನೆಯದು ನಮ್ಮ ತಮ್ಮ ರೋಬರ್ಟ್. ಗ್ರೀನ್‌ಫರ್ಡ್‌ನಲ್ಲಿ ಅವನಂಥ ಆರು ಮಂದಿ ಇರುವ ಒಂದು ಮನೆಯಿದೆ. ಹಗಲೂ ರಾತ್ರಿ ನೋಡಿಕೊಳ್ಳುವವರು ಇರುತ್ತಾರೆ. ಇಲ್ಲಿಯ ಸ್ಥಳೀಯ ಆಡಳಿತದ ಕೌನ್ಸಿಲ್ ಅಲ್ಲಿ ಅವನಿಗೊಂದು ಕೋಣೆ ಗೊತ್ತುಮಾಡಿದೆ. ಮೊದಲು ಭಾನುವಾರದ ಚಹಾಕ್ಕೆ ಹೋಗುವುದು, ನಂತರ ಒಂದು ರಾತ್ರಿ ಉಳಿಯುವುದು, ಹೀಗೆ ನಿಧಾನವಾಗಿ ಅಭ್ಯಾಸ ಮಾಡಿಸುತ್ತಾರೆ. ಅವನಿಗೆ ನಲವತ್ತನಾಲ್ಕು; ಮನಸ್ಸಿಗೆ ಇನ್ನೂ ಐದೇ. ಒಬ್ಬರನ್ನೊಬ್ಬರು ಕೇಳದೆ ಅವನ ವಿಷಯದಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ ಎಂದು ಅಮ್ಮನ ಹಾಸಿಗೆಯ ಬಳಿ ನಾವಿಬ್ಬರೂ ಮಾತು ಕೊಟ್ಟಿದ್ದೇವೆ. ನಿನ್ನ ಒಪ್ಪಿಗೆ ಬೇಕು.

ಅವನು ಆರೋಗ್ಯವಾಗಿದ್ದಾನೆ. ಅಮ್ಮ ಕಲಿಸಿದ ಒಂದೇ ವಿದ್ಯೆಯನ್ನು ಬಿಟ್ಟಿಲ್ಲ: ದಿನವೂ ಬೆಳಿಗ್ಗೆ ನನ್ನ ಶೂಗಳ ಲೇಸ್ ಕಟ್ಟಿ, “ಆಯ್ತು. ಈಗ ಬೀಳುದಿಲ್ಲ” ಎಂದ ಮೇಲೆಯೇ ನನಗೆ ಬಾಗಿಲು ದಾಟುವ ಅಪ್ಪಣೆ. ಟ್ರಾಮ್‌ನಲ್ಲಿ ಅಪರಿಚಿತರ ಲೇಸ್ ಬಿಚ್ಚಿಹೋಗಿದ್ದರೂ ಬಗ್ಗಿಬಿಡುತ್ತಾನೆ. ಇಲ್ಲಿಯ ಜನ ಕಾಲು ಹಿಂದಕ್ಕೆ ಎಳೆದುಕೊಂಡು ತಾವೇ ಸಾರಿ ಎನ್ನುತ್ತಾರೆ.

ನಿನ್ನ ತಮ್ಮ,
ಡೀನ್

* * *

ರೀಡೆನ್‌ಫೆಲ್ಸ್
24 ಜನವರಿ 2025

ಪ್ರೀತಿಯ ಡೀನ್,

ದೇವರ ಶಾಂತಿ ನಿಮ್ಮಿಬ್ಬರೊಂದಿಗೂ ಇರಲಿ. ಮನೆಯಲ್ಲಿ ಬಾಯ್, ಬಾಯ್ ಎಂದು ಸೆರಗು ಹಿಡಿದು ತಿರುಗುತ್ತಿದ್ದವನು ಕಾಗದದಲ್ಲಿ ಮಾತ್ರ ‘ಅಕ್ಕ’ ಎನ್ನುತ್ತೀಯ. ಕೊಂಕಣಿಯಲ್ಲಿ ಜಗಳವಾಡಿ ಕನ್ನಡದಲ್ಲಿ ರಜಾ ಅರ್ಜಿ ಬರೆಯುತ್ತಿದ್ದವರಲ್ಲವೆ ನಾವು! ನಿನ್ನ ಕಾಗದವೂ ಹೆಡ್‌ಮಾಸ್ಟರರಿಗೆ ಬರೆದ ಹಾಗಿದೆ.

ನಿನ್ನ ದೊರೆಯನ್ನು ನಾನು ದಿನವೂ ದಾಟಿ ಹೋಗುತ್ತೇನೆ. ಅವನ ಕಥೆ ಕೇಳು. ಎರಡನೆಯ ವಿಷಯಕ್ಕೂ ಉತ್ತರ ಅದರಲ್ಲೇ ಇದೆ.

ತಂದೆ ಸತ್ತಾಗ ಒಟ್ಮಾರ್‌ಗೆ ಇಪ್ಪತ್ತಮೂರು. ತಮ್ಮ ಯೋಸ್ಟ್ ನಮ್ಮ ರೋಬರ್ಟ್‌ನ ಹಾಗೆ, ಹುಡುಗನಾಗಿಯೇ ಉಳಿದವನು. ಆ ಸೀಮೆಯ ಪದ್ಧತಿಯಲ್ಲಿ ಅಣ್ಣ ರಾಜ್ಯವನ್ನು ಎರಡು ಪಾಲು ಮಾಡಬೇಕು, ತಮ್ಮ ತನಗೆ ಬೇಕಾದುದನ್ನು ಮೊದಲು ಆರಿಸಬೇಕು. ಪಾಲು ಮಾಡುವವನು ಮೋಸ ಮಾಡದಿರಲು ಅದೇ ಉಪಾಯ. ಒಟ್ಮಾರ್ ನದಿಯ ಕಡೆಯ ದ್ರಾಕ್ಷಿತೋಟಗಳನ್ನು ಒಂದು ಪಾಲು, ಕಾಡಿನ ಕಡೆಯ ಬೆಳ್ಳಿಗಣಿಯನ್ನು ಇನ್ನೊಂದು ಪಾಲು ಮಾಡಿ ಸಭೆಯ ಮುಂದೆ ಇಟ್ಟ. ಯೋಸ್ಟ್ ಯಾವುದನ್ನೂ ಆರಿಸಲಿಲ್ಲ. ಎದ್ದು ಬಂದು ಅಣ್ಣನ ಪಾದದ ಬಳಿ ಮಂಡಿಯೂರಿದ. ಬರಹಗಾರ ಅದನ್ನು ಶರಣಾಗತಿ ಎಂದು ಬರೆದುಕೊಂಡ. ರಾಜ್ಯವೆಲ್ಲ ಒಟ್ಮಾರ್‌ನದಾಯಿತು.

ಮೂವತ್ತಾರು ವರ್ಷ ಆಳಿದ. ಸೇತುವೆ ಸುಂಕಕ್ಕಾಗಿ ಬಿಷಪರೊಡನೆ ಯುದ್ಧ ಮಾಡಿದ. ಬಟ್ಟೆ ವ್ಯಾಪಾರಿಗಳು ಮೋಸ ಮಾಡದಂತೆ ಒಂದು ಕಬ್ಬಿಣದ ಮೊಳಕೋಲನ್ನು ಇಗರ್ಜಿಯ ಗೋಡೆಗೆ ಜಡಿಸಿದ; ಅದು ಈಗಲೂ ಇದೆ, ನೀನು ನೋಡಿದರೆ ಸಂತೋಷಪಡುತ್ತೀಯ. ಆದರೆ ಯುದ್ಧದಿಂದ ಮರಳಿದ ವರ್ಷ ಅವನು ಯೋಸ್ಟ್‌ನನ್ನು ಗೋಪುರದಲ್ಲಿಟ್ಟ. ಅವನು ಅಲ್ಲೇ ಸತ್ತ. ತಮ್ಮ ಬದುಕಿರುವಾಗಲೇ ಒಟ್ಮಾರ್ ಗೋಪುರಕ್ಕೆ ಅಂಟಿಕೊಂಡಂತೆ ಈ ಮಠ ಕಟ್ಟಿಸಿ, ಪ್ರತಿ ಸಂಜೆ ತಮ್ಮನ ಕಿಟಕಿಯ ಕಡೆ ತಿರುಗಿ ಒಂದು ಕೀರ್ತನೆ ಹಾಡಬೇಕೆಂದು ಕಟ್ಟಳೆ ಮಾಡಿದ. ಪಾಪದ ಭಾರ ಅಷ್ಟಿತ್ತು.

ಸಮಾಧಿಯ ಕೆಳತುದಿ 1945ರ ಬಾಂಬಿಗೆ ಪುಡಿಯಾಯಿತು. ಉಳಿದದ್ದು ಒಂದು ತುಣುಕು: ದೊರೆಯ ಕಣಕಾಲು, ಅದನ್ನು ಹಿಡಿದಿರುವ ಒಂದು ಕೈ. ಅದು ಯೋಸ್ಟ್‌ನ ಕೈ. ಅಣ್ಣನನ್ನು ಸ್ವರ್ಗಕ್ಕೆ ಬಿಡದೆ ಎಳೆಯುತ್ತಿದೆ ಎಂದು ನಮ್ಮ ಹಿರಿಯ ಸೋದರಿಯರು ಹೊಸಬರಿಗೆಲ್ಲ ಹೇಳುತ್ತಾರೆ.

ಡೀನ್, ಆ ಕೈಯನ್ನು ದಿನವೂ ನೋಡುವ ನಾನು ಗ್ರೀನ್‌ಫರ್ಡ್‌ಗೆ ಹೇಗೆ ಒಪ್ಪಲಿ? ಅಷ್ಟಕ್ಕೂ ನಿನಗಾಗಿರುವ ಕಷ್ಟವೇನು ಎಂದು ಒಂದು ಸಾಲನ್ನೂ ಬರೆದಿಲ್ಲ.

ಜೂಲಿಯಾ

* * *

ಕ್ರೋಯ್ಡನ್
10 ಫೆಬ್ರವರಿ 2025

ಪ್ರೀತಿಯ ಅಕ್ಕ,

ಈ ಪತ್ರವನ್ನು ಟೈಪ್ ಮಾಡಿದ್ದೇನೆ. ಅನುಕೂಲಕ್ಕಾಗಿ.

ಎರಡನೆಯ ಪೆಟ್ಟಿಗೆಯ ಅಳತೆ ಮುಗಿಯಿತು. ದೊರೆ ಸೊಂಟದವರೆಗೆ ಬರುವ ಬಿಗಿಯಾದ ಕಾಲುಚೀಲ ತೊಟ್ಟಿರುವುದರಿಂದ ತೊಡೆಯ ಆಕಾರ ಸ್ಪಷ್ಟವಾಗಿದೆ. ಎಡತೊಡೆ ಬಲತೊಡೆಗಿಂತ ಗಣನೀಯವಾಗಿ ಕೃಶವಾಗಿದೆ. ಮಂಡಿಯೂ ಒಳಕ್ಕೆ ತಿರುಗಿದೆ. ಉಳಿದೆಲ್ಲ ಕಡೆ, ಉಗುರು, ಗುಂಡಿ, ಕಣ್ಣಿನ ಸುಕ್ಕುಗಳಲ್ಲಿಯೂ ಶಿಲ್ಪಿ ಕರಾರುವಾಕ್ಕಾಗಿದ್ದಾನೆ. ಕಾಲಿನಲ್ಲಿ ಮಾತ್ರ ತಪ್ಪಿದ ಎನ್ನಲಾರೆ. ಯುದ್ಧದಿಂದ ಮರಳಿದ ವರ್ಷ ತಮ್ಮನನ್ನು ಗೋಪುರದಲ್ಲಿಟ್ಟ ಎಂದು ನೀನೇ ಬರೆದಿದ್ದೀಯ. ಆ ಯುದ್ಧದಲ್ಲಿ ಅವನ ಕಾಲು ಹೋಗಿದ್ದರೆ? ಓಡಿಹೋಗುವ ತಮ್ಮನ ಹಿಂದೆ ಅವನು ಓಡಲಾರ. ತಮ್ಮ ಬಿದ್ದರೆ ಎತ್ತಲಾರ. ಗಟ್ಟಿ ಗೋಡೆ, ಕಾವಲು, ಪಕ್ಕದಲ್ಲಿ ಹಾಡು. ಅಂದಿನ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಏರ್ಪಾಡು ಯಾವುದಿತ್ತು? ಅವನನ್ನು ಪಾಪಿ ಎನ್ನುವ ಮೊದಲು ಈ ಅಳತೆಯನ್ನು ಪರಿಗಣಿಸಬೇಕು.

ಗ್ರೀನ್‌ಫರ್ಡ್‌ನ ಮನೆ ಗೋಪುರವಲ್ಲ. ಹಿತ್ತಲಿದೆ. ನೆಲಮಹಡಿಯ ಕೋಣೆ. ಕಳೆದ ಭಾನುವಾರ ಚಹಾಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ವರ ಶೂ ಕಟ್ಟಿ ಬಂದ.

ಬುಧವಾರ ಟ್ರಾಮ್ ನಿಲ್ದಾಣದಲ್ಲಿ ನಾನು ಬಿದ್ದೆ. ನೆಲ ಒದ್ದೆಯಾಗಿತ್ತು. ಹಣೆ ತರಚಿದ್ದನ್ನು ನೋಡಿ ರೋಬರ್ಟ್ ತುಂಬ ಹೊತ್ತು ನನ್ನ ಶೂಗಳನ್ನೇ ನೋಡುತ್ತಿದ್ದ. ಈಗ ಎರಡು ಗಂಟು ಹಾಕುತ್ತಿದ್ದಾನೆ.

ಕೋಣೆಯನ್ನು ಮಾರ್ಚ್ ಮಧ್ಯದವರೆಗೆ ಮಾತ್ರ ಕಾದಿರಿಸುತ್ತಾರೆ.

ಡೀನ್

* * *

ರೀಡೆನ್‌ಫೆಲ್ಸ್
2 ಮಾರ್ಚ್ 2025

ಡೀನ್,

ಟೈಪ್ ಮಾಡಿದ ಕಾಗದ ನೋಡಿ ಯಾವುದೋ ಕಚೇರಿಯಿಂದ ನೋಟಿಸು ಬಂತೆಂದು ನಮ್ಮ ಮಠದ ಮುಖ್ಯಸ್ಥೆ ಮದರ್ ಗಾಬರಿಯಾದರು. ನಾನೂ ಹಾಗೇ ಓದಿದೆ. ಐದು ನೂರು ವರ್ಷದ ಹಿಂದೆ ಸತ್ತ ಒಬ್ಬ ದೊರೆಯ ತೊಡೆಯನ್ನು ಅಳೆದು ಅವನಿಗೆ ವಕಾಲತ್ತು ಮಾಡುತ್ತೀಯ. ನಿನ್ನ ಸ್ವಂತ ತಮ್ಮನಿಗೆ ಒಂದು ಮಾತಿಲ್ಲ. ದೊರೆ ಕುಂಟನಾದರೆ ಆಳುಗಳಿರಲಿಲ್ಲವೆ? ನಿನಗೆ ಒಳ್ಳೆಯ ಕೆಲಸವಿದೆ, ಮನೆಯಿದೆ, ನೆಲಮಹಡಿಯೇ ಮುಖ್ಯವೆಂದರೆ ಲಿಫ್ಟ್ ಇರುವ ಕಟ್ಟಡಕ್ಕೆ ಬದಲಾಯಿಸುವಷ್ಟು ಸಂಬಳವಿದೆ. ದಣಿದಿದ್ದರೆ ದಣಿದಿದ್ದೇನೆ ಎಂದು ಬರೆ. ನಾನು ನಿನ್ನ ಅಕ್ಕ. ಅದನ್ನಾದರೂ ಕ್ಷಮಿಸಬಲ್ಲೆ.

ನಾನು ಒಪ್ಪುವುದಿಲ್ಲ. ಅವನು ಮನೆಯಲ್ಲೇ ಇರಲಿ.

ಬುಧವಾರ ಹಣೆಗೆ ಬೂದಿ ಇಟ್ಟುಕೊಂಡರೆ ತಪಸ್ಸುಕಾಲ. ನಮ್ಮ ನಿಯಮ ನಿನಗೆ ಗೊತ್ತು: ಈಸ್ಟರ್‌ವರೆಗೆ ನಾವು ಕಾಗದ ಬರೆಯುವುದಿಲ್ಲ, ಬಂದವನ್ನು ಒಡೆಯುವುದೂ ಇಲ್ಲ. ಮದರ್ ಅವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಈ ನಲವತ್ತು ದಿನ ನೀನೂ ಯೋಚಿಸು.

ಜೂಲಿಯಾ

* * *

ಕ್ರೋಯ್ಡನ್
19 ಮಾರ್ಚ್ 2025

ಪ್ರೀತಿಯ ಅಕ್ಕ,

ಗ್ರೀನ್‌ಫರ್ಡ್‌ನವರಿಗೆ ಕೋಣೆ ಬೇಡವೆಂದು ತಿಳಿಸಿದ್ದೇನೆ. ಮಾತು ಕೊಟ್ಟ ಮೇಲೆ ಮಾತು.

ಈ ಪತ್ರ ಈಸ್ಟರ್ ತನಕ ಬೀರುವಿನಲ್ಲಿರುತ್ತದೆ. ಆದ್ದರಿಂದಲೇ ಬರೆಯಲು ಸಾಧ್ಯವಾಗುತ್ತಿದೆ.

ಕಳೆದ ನವೆಂಬರ್‌ನಲ್ಲಿ ನನಗೆ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ತಿಳಿಯಿತು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಎಡಗಾಲು, ಈಗ ಬೆರಳುಗಳು. ಪೆನ್ನು ಹಿಡಿಯಲಾರದೆ ಟೈಪ್ ಮಾಡುತ್ತಿದ್ದೇನೆ. ವಾಸಿಮಾಡುವ ಮದ್ದಿಲ್ಲ, ಬಹುಶಃ ಎರಡು ವರ್ಷ ಎನ್ನುತ್ತಾರೆ, ನನ್ನ ವೇಗ ನೋಡಿದರೆ ಅಷ್ಟಿಲ್ಲ. ಅಷ್ಟರೊಳಗೆ ರೋಬರ್ಟ್ ಹೊಸ ಮನೆಗೆ ಒಗ್ಗಿಕೊಳ್ಳಲಿ, ನಾನಿರುವಾಗಲೇ ಭಾನುವಾರಗಳಂದು ಹೋಗಿಬರುವಂತಾಗಲಿ ಎಂಬುದು ನನ್ನ ಲೆಕ್ಕವಾಗಿತ್ತು. ನಿನ್ನ ತೀರ್ಮಾನ ಕನಿಕರದಿಂದ ಬಾಗಬಾರದೆಂದು ಕಾರಣ ಬರೆಯಲಿಲ್ಲ. ಆ ಮನೆ ಒಳ್ಳೆಯದೆಂಬ ಒಂದೇ ಆಧಾರದ ಮೇಲೆ ನೀನು ಒಪ್ಪಬೇಕೆಂದಿದ್ದೆ. ಅದು ಕೆಟ್ಟ ವಿನ್ಯಾಸ ಎಂದು ಈಗ ತಿಳಿಯುತ್ತಿದೆ.

ನಾನು ಪದೇಪದೇ ಬೀಳುತ್ತಿದ್ದೇನೆ. ರೋಬರ್ಟ್ ಮೂರು ಗಂಟು ಹಾಕುತ್ತಾನೆ. ಬೆರಳು ಬೆಳ್ಳಗಾಗುವಷ್ಟು ಎಳೆಯುತ್ತಾನೆ. “ನಿನ್ನ ಗಂಟು ಸರಿಯಾಗಿದೆ ಮಾರಾಯಾ, ಕಾಲೇ ಸರಿಯಿಲ್ಲ” ಎಂದರೆ ನಂಬುವುದಿಲ್ಲ. ಸಂಜೆ ನಾನು ಬಾಗಿಲು ತೆರೆದ ಕೂಡಲೇ ಮುಖ ನೋಡುವುದಿಲ್ಲ, ಶೂ ನೋಡುತ್ತಾನೆ. ಬಟ್ಟೆಗೆ ಮಣ್ಣಾಗಿದ್ದರೆ ಅಂದು ಊಟ ಮಾಡುವುದಿಲ್ಲ.

ಇಂದು ಮೂರನೆಯ ಪೆಟ್ಟಿಗೆ ತೆರೆದೆವು. ನನ್ನೊಂದಿಗೆ ವಿನಾಯಕ ಇದ್ದ, ಬೆಂಗಳೂರಿನ ಹುಡುಗ, ನನ್ನ ಸಹಾಯಕ. ಒಳಗೆ ತುಂಬಿದ್ದ ಮರದ ಹೊಟ್ಟು ತೆಗೆದಾಗ ಮೊದಲು ಎಡಪಾದ ಕಂಡಿತು. ಕೆಳಕ್ಕೆ ಜೋತಿದೆ, ಬೆರಳುಗಳು ನೆಲದ ಕಡೆ. ಆ ಕೋನವನ್ನು ಅಳೆಯುವ ಅಗತ್ಯ ನನಗಿರಲಿಲ್ಲ; ದಿನವೂ ಸ್ನಾನದಮನೆಯಲ್ಲಿ ನೋಡುತ್ತೇನೆ.

ಆಮೇಲೆ ಆ ಕೈಯ ಒಡೆಯ ಕಂಡ. ಸಾಮಾನ್ಯವಾಗಿ ದೊರೆಗಳ ಕಾಲಬುಡದಲ್ಲಿ ಸಿಂಹವೋ ನಾಯಿಯೋ ಇರುತ್ತದೆ. ಇಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯ, ಅಗಲವಾದ ಮುಖ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಒತ್ತಿಹಿಡಿದಿದ್ದಾನೆ. ಅಣ್ಣನನ್ನು ಎಳೆಯುತ್ತಿಲ್ಲ. ಒಂದು ಕೈಯಲ್ಲಿ ಕಣಕಾಲು ಹಿಡಿದು, ಇನ್ನೊಂದರಲ್ಲಿ ಶೂವಿನ ದಾರ ಬಿಗಿಯುತ್ತಿದ್ದಾನೆ.

ವಿನಾಯಕ, “ಸರ್, ಎಷ್ಟು ಕಾನ್ಸನ್ಟ್ರೇಟ್ ಮಾಡ್ತಿದಾನೆ ನೋಡಿ!” ಎಂದು ನಕ್ಕ. ನಾನು ಹೊರಗೆ ಹೋಗಿ ನಿಂತೆ.

ಅಂದು ಸಭೆಯಲ್ಲಿ ಯೋಸ್ಟ್ ಏಕೆ ಮಂಡಿಯೂರಿದನೋ ನಾನು ಹೇಳಲಾರೆ, ಪುರಾವೆ ಇಲ್ಲ. ಆದರೆ ಒಟ್ಮಾರ್ ತನ್ನ ಸಮಾಧಿಯ ಮೇಲೆ ಏನಿರಬೇಕೆಂದು ಬದುಕಿರುವಾಗಲೇ ಹೇಳಿಹೋಗಿರುತ್ತಾನೆ. ಯುದ್ಧ, ಗಣಿ, ಮೊಳಕೋಲು ಯಾವುದೂ ಬೇಡವಾಯಿತು ಅವನಿಗೆ.

ಡೀನ್

* * *

ಕ್ರೋಯ್ಡನ್, ಆಸ್ಪತ್ರೆ
8 ಏಪ್ರಿಲ್ 2025

ಅಕ್ಕ,

ಶುಕ್ರವಾರ ಮನೆಯ ಮೆಟ್ಟಿಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಂಬ್ಯುಲೆನ್ಸ್‌ನವರು ಆ ಗಂಟುಗಳನ್ನು ಬಿಚ್ಚಲಾಗದೆ ಲೇಸ್ ಕತ್ತರಿಸಿದರು. ರೋಬರ್ಟ್ ನೋಡುತ್ತಿದ್ದ. ಕತ್ತರಿಸಿದ ತುದಿಗಳನ್ನು ಕೈಯಲ್ಲಿ ಹಿಡಿದು, “ನಾನು ಸರಿ ಕಟ್ಲಿಲ್ಲ, ಡೀನ್ ಬಿದ್ದ” ಎಂದು ಕೂಗತೊಡಗಿದ. ನನ್ನನ್ನು ಗಾಡಿಗೆ ಏರಿಸುವವರೆಗೂ ಅದೇ.

ಗ್ರೀನ್‌ಫರ್ಡ್‌ನ ಕೋಣೆ ಬೇರೊಬ್ಬರಿಗೆ ಹೋಗಿದೆ. ಕೌನ್ಸಿಲ್‌ನವರು ಅವನನ್ನು ಅದೇ ಸಂಜೆ ಇಲ್ಫರ್ಡ್‌ನ ಒಂದು ತಾತ್ಕಾಲಿಕ ಜಾಗಕ್ಕೆ ಕರೆದುಕೊಂಡು ಹೋದರು, ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿ. ಅವರು ಒಳ್ಳೆಯವರೇ. ಆದರೆ ಅಲ್ಲಿ ಎಲ್ಲರದೂ ಪಟ್ಟಿ ಅಂಟಿಸುವ ಶೂಗಳು. ಅವನಿಗೆ ಕಟ್ಟಲು ಏನೂ ಇಲ್ಲ. ಗೋಡೆಯ ಕಡೆ ತಿರುಗಿ ಕುಳಿತಿರುತ್ತಾನಂತೆ.

ಇದು ಸಾವಿನ ಸುದ್ದಿಯಲ್ಲವಾದ್ದರಿಂದ ಫೋನ್ ಮಾಡಲಿಲ್ಲ.

ಡೀನ್

* * *

ರೀಡೆನ್‌ಫೆಲ್ಸ್
21 ಏಪ್ರಿಲ್ 2025, ಈಸ್ಟರ್ ಸೋಮವಾರ

ಡೀನ್, ನನ್ನ ಕಂದ,

ನಿನ್ನೆ ಮಧ್ಯಾಹ್ನ ಊಟದ ಮೇಜಿನ ಬಳಿ ಮದರ್ ಎರಡು ಕಾಗದಗಳನ್ನು ಒಟ್ಟಿಗೆ ಕೊಟ್ಟರು. ಎರಡನೆಯದನ್ನು ಮೊದಲು ಒಡೆದೆ. ಲಕೋಟೆಯ ಮೇಲೆ ಆಸ್ಪತ್ರೆಯ ಮುದ್ರೆ ಇತ್ತು.

ಆ ಸಂಜೆ, ನಿಯಮ ಮೀರಿ, ಪೂಜಾಸಾಮಗ್ರಿ ಇಡುವ ಸಕ್ರಿಸ್ತಿಯ ಕಪಾಟಿನಿಂದ ಆ ತುಣುಕನ್ನು ಕೈಗೆ ತೆಗೆದುಕೊಂಡೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಹೆಬ್ಬೆರಳಿನ ಪಕ್ಕದಲ್ಲಿ ಒಂದು ಸಣ್ಣ ಏಣು ಇದೆ. ಉದ್ದ ಬೆಳೆದ ಉಗುರು ಎಂದು ನಮಗೆ ಹೇಳಿಕೊಟ್ಟಿದ್ದರು. ಸೆರೆಯಾಳಿಗೆ ಉಗುರು ಕತ್ತರಿಸುವವರು ಯಾರು ಎಂದು ನಾನು ಅತ್ತದ್ದೂ ಉಂಟು. ಅದು ದಾರದ ತುದಿ. ಬೆರಳಿಗೆ ಗೊತ್ತಾಗುತ್ತದೆ.

ನೀನು ಎಲ್ಲವನ್ನೂ ಬರೆದಿದ್ದೆ. ಒದ್ದೆ ನೆಲ, ಎರಡು ಗಂಟು, ಟೈಪ್ ಮಾಡಿದ ಅಕ್ಷರ. ನಾನು ದೊರೆಯನ್ನು ಓದುತ್ತಿದ್ದೆ.

ನಾನೂ ಒಂದು ವಿಷಯ ಬರೆದಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ನಮ್ಮ ಮಠ ಮುಚ್ಚುತ್ತದೆ. ನಾವು ಉಳಿದಿರುವುದು ನಾಲ್ವರು. ಉಳಿದ ಮೂವರು ವೃದ್ಧಾಶ್ರಮಕ್ಕೆ. ಒಟ್ಮಾರ್‌ನ ಕೀರ್ತನೆಯನ್ನು ಧ್ವನಿ ನಡುಗದೆ ಹಾಡಬಲ್ಲವಳು ನಾನೊಬ್ಬಳೇ. ನಮಗೊಂದು ಸ್ಥಿರವಾದ ಜಾಗವಿದೆ ಎಂಬ ನಂಬಿಕೆ ನಿನಗಿರಲಿ ಎಂದು ಹೇಳಲಿಲ್ಲ. ನನ್ನ ಕಾಲಡಿಯ ಮಣ್ಣು ಜಾರುತ್ತಿರುವಾಗಲೇ ನಿನಗೆ ಮನೆ ಬಿಡಬೇಡ ಎಂದು ಉಪದೇಶ ಮಾಡಿದೆ.

ಈಗ ಆ ಸೀಮೆಯ ಪದ್ಧತಿಯಂತೆ ಮಾಡೋಣ. ಹಿರಿಯಳು ನಾನು, ಪಾಲು ಮಾಡುತ್ತೇನೆ. ಒಂದು ಪಾಲು: ಇಲ್ಲಿಂದ ಎರಡು ಗಂಟೆಯ ದೂರದ ಮಠದವರು ನನ್ನನ್ನೂ ಆ ಕೀರ್ತನೆಯನ್ನೂ ಸೇರಿಸಿಕೊಳ್ಳಲು ಒಪ್ಪಿದ್ದಾರೆ; ಐದು ನೂರು ವರ್ಷದ ಹಾಡು ನಿಲ್ಲುವುದಿಲ್ಲ. ಇನ್ನೊಂದು ಪಾಲು: ಲಂಡನ್ನಿನಲ್ಲಿ ನಮ್ಮ ಸನ್ಯಾಸಿನಿ ಸಭೆಯ ಒಂದು ಮನೆಯಿದೆ. ಮದರ್ ಇಂದು ಬೆಳಿಗ್ಗೆ ಫೋನ್ ಮಾಡಿದರು. ಸಾವಿನ ಸುದ್ದಿಯಲ್ಲದೆ ಅವರು ಫೋನ್ ಎತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅಲ್ಲಿ ನನಗೆ ಜಾಗವಿದೆ, ವಾರಕ್ಕೆರಡು ಬಾರಿ ರೋಬರ್ಟ್‌ನ ಬಳಿಗೆ ಹೋಗಲು ಅನುಮತಿಯೂ ಉಂಟು, ನೀನಿರುವಾಗಲೂ ಆಮೇಲೂ. ಆದರೆ ಆ ಹಾಡು ಇಲ್ಲಿಗೆ ಮುಗಿಯುತ್ತದೆ.

ಎರಡನ್ನೂ ಸಮವಾಗಿ ಇಟ್ಟಿದ್ದೇನೆ. ನೀನು ಕಿರಿಯವನು. ಆರಿಸು.

ಬಾಯ್

* * *

ಗ್ರೀನ್‌ಫರ್ಡ್
30 ಮೇ 2025

ಪ್ರೀತಿಯ ಬಾಯ್,

ನಿಧಾನವಾಗಿ ಬರೆಯುತ್ತಿದ್ದೇನೆ. ಒಂದು ಬೆರಳು ಕೆಲಸ ಮಾಡುತ್ತದೆ.

ಗ್ರೀನ್‌ಫರ್ಡ್‌ನ ಆ ಮನೆಯಲ್ಲೇ ಇನ್ನೊಂದು ಕೋಣೆ ಖಾಲಿಯಾಯಿತು. ರೋಬರ್ಟ್ ಹತ್ತು ದಿನಗಳಿಂದ ಇಲ್ಲಿದ್ದಾನೆ. ತೆಳ್ಳಗಾಗಿದ್ದಾನೆ. ಮಾತು ಕಡಿಮೆ. ಇಂದು ವಿನಾಯಕ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದ. ಹಿತ್ತಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಒಂದು ತಿದ್ದುಪಡಿ. ಮೂವರಲ್ಲಿ ಕಿರಿಯವನು ನಾನಲ್ಲ. ಆದ್ದರಿಂದ ನಿನ್ನ ಎರಡು ಪಾಲುಗಳನ್ನು ಅವನ ಮುಂದಿಡಬೇಕೆಂದು ನಿಶ್ಚಯಿಸಿ ಬಂದಿದ್ದೆ.

ನನ್ನನ್ನು ನೋಡಿದಾಗ ರೋಬರ್ಟ್ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕಾಲುಗಳನ್ನು ನೋಡಿದ. ಆಸ್ಪತ್ರೆಯ ಚಪ್ಪಲಿ ಬೇಡವೆಂದು ನಾನು ಹಳೆಯ ಕಪ್ಪು ಶೂಗಳನ್ನು, ಹೊಸ ಲೇಸ್ ಹಾಕಿಸಿ, ಕಟ್ಟಿಸದೆ ತೊಟ್ಟು ಬಂದಿದ್ದೆ. ವಿನಾಯಕ ಕಟ್ಟಲು ಬಗ್ಗಿದ್ದ, ಬೇಡವೆಂದಿದ್ದೆ. ಕೊನೆಗೆ ಬಂದು ಹುಲ್ಲಿನ ಮೇಲೆ ಮಂಡಿಯೂರಿದ. ಜೋತಿದ್ದ ಎಡಪಾದವನ್ನು ಒಂದು ಕೈಯಿಂದ ಎತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೇ ಗಂಟು ಹಾಕಿದ. ಕುರ್ಚಿಯ ಗಾಲಿಗಳನ್ನು ಮುಟ್ಟಿ ನೋಡಿದ. “ಆಯ್ತು. ಈಗ ಬೀಳುದಿಲ್ಲ” ಎಂದ.

“ಇಲ್ಲ. ಇನ್ನು ಬೀಳುದಿಲ್ಲ” ಎಂದೆ.

ಆಮೇಲೆ ಹಾಡಿನ ವಿಷಯ, ಲಂಡನ್ನಿನ ವಿಷಯ ಎರಡನ್ನೂ ಅವನಿಗೆ ತಿಳಿಯುವಂತೆ ಹೇಳಿದೆ. ಯಾವ ಕಡೆಗೂ ವಾಲಿಸದಂತೆ ಎಚ್ಚರ ವಹಿಸಿದ್ದೇನೆ, ವಿನಾಯಕ ಸಾಕ್ಷಿ. ಅವನು ಕೇಳಿದ ಪ್ರಶ್ನೆ ಒಂದೇ.

“ಬಾಯ್‌ಗೆ ಅಲ್ಲಿ ಶೂ ಯಾರು ಕಟ್ಟುದು?”

“ಯಾರೂ ಇಲ್ಲ. ಬಾಯ್ ಹಾಕುವುದು ಚಪ್ಪಲಿ.”

“ಚಪ್ಪಲಿಯಾ!” ಎಂದು ನನ್ನನ್ನು ಬೈಯುವವನಂತೆ ನೋಡಿದ. “ಬೀಳ್ತಾಳೆ ಮಾರಾಯಾ. ಬರ್ಲಿಕ್ಕೆ ಹೇಳು.”

ಆಯ್ಕೆಯಾಯಿತು. ಒಟ್ಮಾರ್‌ನ ಕೀರ್ತನೆಯನ್ನು ಕೊನೆಯ ಸಂಜೆ ಆ ಕಿಟಕಿಯ ಕಡೆ ತಿರುಗಿ ಪೂರ್ತಿಯಾಗಿ ಹಾಡು. ಅವನು ಆಕ್ಷೇಪಿಸಲಾರ ಎಂದು ನನ್ನ ಅಭಿಪ್ರಾಯ.

ಸೆಪ್ಟೆಂಬರ್‌ವರೆಗೆ ನಾನಿರುವುದು ಖಚಿತವಲ್ಲ. ಆದ್ದರಿಂದ ಈಗಲೇ ತಿಳಿಸುತ್ತೇನೆ: ಬರುವಾಗ ಲೇಸ್ ಇರುವ ಶೂ ಹಾಕಿಕೊಂಡು ಬಾ. ಲೇಸ್ ಉದ್ದವಾಗಿರಲಿ. ಬಾಗಿಲಲ್ಲಿ ಅವನು ನಿನ್ನ ಮುಖ ನೋಡದಿದ್ದರೆ ಬೇಸರಿಸಬೇಡ. ಕಾಲು ಮುಂದೆ ಚಾಚಿ ನಿಲ್ಲು.

ಡೀನ್